ಮೈಕಲ್ ಹೆಂಚರ್ಡ್

ಮೈಕಲ್ ಹೆಂಚರ್ಡ್ ಇಂಗ್ಲಿಷ್ ಲೇಖಕ ಥಾಮಸ್ ಹಾರ್ಡಿಯವರ ‘ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ (1886) ಕಾದಂಬರಿಯ ದುರಂತನಾಯಕ. ಹುಲ್ಲಿನ ಹೊರೆ ಕಟ್ಟುವ ಕೂಲಿಯಾಗಿದ್ದ ಈತ, ಜಾತ್ರೆಯೊಂದರಲ್ಲಿ ರಮ್ ಬೆರೆಸಿದ ಗೋಧಿಗಂಜಿಯ ಅಮಲಿನಲ್ಲಿ ಹೆಂಡತಿ ಸೂಸನ್‌ಳನ್ನು ಹಸುಳೆಯ ಸಮೇತ ಐದು ಗಿನಿಗಳಿಗೆ ನಾವಿಕನೊಬ್ಬನಿಗೆ ಮಾರುತ್ತಾನೆ. ಮರುದಿನ 21 ವರ್ಷ ಮದ್ಯ ಮುಟ್ಟುವುದಿಲ್ಲವೆಂದು ಪ್ರಮಾಣ ಮಾಡಿ, ಮುಂದೆ ಧಾನ್ಯದ ವ್ಯಾಪಾರಿಯಾಗಿ, ಪಟ್ಟಣದ ಮೇಯರ್ ಆಗುತ್ತಾನೆ.

ಪೌರುಷ ಮತ್ತು ಅದುಮಿಟ್ಟ ಕಾಮನೆ

ಹೆಂಚರ್ಡ್‌ನ ಏಳಿಗೆ ನಿಂತಿರುವುದು ಹೆಣ್ಣಿನ ಸಂಗವಿಲ್ಲದ ಬದುಕಿನ ಮೇಲೆ. ತಾನು ಸ್ವಭಾವತಃ ಸ್ತ್ರೀದ್ವೇಷಿಯೆಂದು ಅವನೇ ಹೇಳಿಕೊಳ್ಳುತ್ತಾನೆ. ಜರ್ಸಿ ದ್ವೀಪದ ಲೂಸೆಟಾಳೊಡನೆ ಅವನಿಗೆ ನಂಟು ಬೆಳೆದದ್ದು ಕಾಯಿಲೆ ಬಿದ್ದಾಗ ಅವಳ ಶುಶ್ರೂಷೆಯಿಂದ. ಹದಿನೆಂಟು ವರ್ಷಗಳ ಬಳಿಕ ಮರಳಿ ಬಂದ ಸೂಸನ್‌ಳನ್ನು ಅವನು ಮತ್ತೆ ಮದುವೆಯಾಗುವುದು ಕರ್ತವ್ಯವೆಂದು. ಅದಕ್ಕೆ ಮೊದಲು ಅವಳಿಗೆ ಕಳುಹಿಸುವ ಹಣ ಸರಿಯಾಗಿ ಐದು ಗಿನಿ.

ಅವನ ಉತ್ಕಟ ಭಾವವೆಲ್ಲ ಹರಿಯುವುದು ಸ್ಕಾಟ್ಲೆಂಡಿನ ತರುಣ ಡೊನಾಲ್ಡ್ ಫಾರ್‌ಫ್ರೇಯತ್ತ. ಪರಿಚಯವಾದ ಅಲ್ಪಕಾಲದಲ್ಲೇ ಹೆಂಚರ್ಡ್ ತನ್ನ ಗುಟ್ಟನ್ನು ಅವನಿಗೆ ತಿಳಿಸುತ್ತಾನೆ. ಅವನ ಹೆಗಲ ಮೇಲೆ ಹಾಕಿದ ತೋಳಿನ ಭಾರಕ್ಕೆ ತರುಣನ ಮೈ ಬಾಗುತ್ತದೆ. ಒಲವನ್ನು ಯಜಮಾನಿಕೆಯಾಗಿ ಮಾತ್ರ ತೋರಬಲ್ಲ ಗಂಡಸಿನ ಚಿತ್ರವಾಗಿ ಇದಕ್ಕಿಂತ ನಿಖರವಾದುದು ಕಾದಂಬರಿಯಲ್ಲಿಲ್ಲ. ಫಾರ್‌ಫ್ರೇ ಜನಪ್ರಿಯನಾದಂತೆ ಆ ಒಲವು ಹಗೆಯಾಗುತ್ತದೆ. ವ್ಯಾಪಾರ, ಲೂಸೆಟಾ, ಮೇಯರ್ ಪದವಿ ಎಲ್ಲವೂ ಒಂದೊಂದಾಗಿ ಕಿರಿಯನ ಪಾಲಾಗುತ್ತವೆ.

ಉಗ್ರಾಣದ ಅಟ್ಟದ ಕಾಳಗದಲ್ಲಿ ಹೆಂಚರ್ಡ್, ತನ್ನ ಬಲ ಹೆಚ್ಚೆಂದು ಒಂದು ತೋಳನ್ನು ಕಟ್ಟಿಕೊಂಡೇ ಸೆಣಸಿ ಗೆಲ್ಲುತ್ತಾನೆ. ಆದರೆ ಕೊಲ್ಲಲಾರದೆ, ಹಿಂದೊಮ್ಮೆ ತಾನು ಅವನನ್ನು ಎಷ್ಟು ಪ್ರೀತಿಸಿದ್ದೆನೆಂದು ನುಡಿದು ಮೂಟೆಗಳ ಮೇಲೆ ಮುದುಡಿ ಬೀಳುತ್ತಾನೆ. ಆ ಭಂಗಿಯನ್ನು ಹಾರ್ಡಿಯವರೇ ಹೆಣ್ತನದ್ದೆಂದು ವರ್ಣಿಸುತ್ತಾರೆ.

ವಿಮರ್ಶೆ

ಇಲೇನ್ ಶೋವಾಲ್ಟರ್ 1979ರ ಪ್ರಬಂಧದಲ್ಲಿ, ಹೆಂಚರ್ಡ್‌ನ ಪತನವನ್ನು ಅವನು ದೂರವಿಟ್ಟಿದ್ದ ಸ್ತ್ರೀಸಹಜ ಭಾವಗಳತ್ತ ಮರಳುವ ಯಾತ್ರೆಯಾಗಿ ಓದುತ್ತಾರೆ. ಮಾರಾಟವಾದದ್ದು ಹೆಂಡತಿಯಷ್ಟೇ ಅಲ್ಲ, ಮಗಳೂ ಹೌದೆಂಬುದನ್ನು ಹಿಂದಿನ ವಿಮರ್ಶಕರು ಗಮನಿಸಲಿಲ್ಲವೆಂಬುದು ಅವರ ಆಕ್ಷೇಪ. ಇತರ ಕೆಲವರು ಫಾರ್‌ಫ್ರೇ ಮೇಲಿನ ಮೋಹವನ್ನು ಸಲಿಂಗಾಕರ್ಷಣೆಯೆಂದು ಗುರುತಿಸುತ್ತಾರೆ. ಕಾದಂಬರಿ ಆ ಭಾವಕ್ಕೆ ಹೆಸರಿಡುವುದಿಲ್ಲ. ಹೆಂಚರ್ಡ್‌ನ ಬಳಿಯೂ ಅದಕ್ಕೆ ಮಾತಿಲ್ಲ.

ಕೊನೆ

ತಡವಾಗಿ ಬಂದನೆಂದು ಹೆಂಚರ್ಡ್ ಹಿಂದೊಮ್ಮೆ ಚಡ್ಡಿಯಿಲ್ಲದೆ ಕೆಲಸಕ್ಕೆ ಎಳೆತಂದು ಅವಮಾನಿಸಿದ್ದ ಆಳು ಏಬೆಲ್ ವಿಟಲ್. ಎಗ್ಡನ್ ಬಯಲಿನ ಗುಡಿಸಲಿನಲ್ಲಿ ಅವನ ಕೊನೆಗಾಲದ ಆರೈಕೆ ಮಾಡುವವನೂ ಇದೇ ವಿಟಲ್. ತನ್ನ ತಾಯಿಗೆ ಹೆಂಚರ್ಡ್ ದಯೆ ತೋರಿದ್ದನೆಂಬುದೇ ಅದಕ್ಕೆ ಕಾರಣ. ತನ್ನನ್ನು ಯಾರೂ ನೆನೆಯಕೂಡದೆಂದು ಹೆಂಚರ್ಡ್ ಮರಣಪತ್ರದಲ್ಲಿ ಬರೆದಿರುತ್ತಾನೆ.