ಅಪ್ಪನ ಹೆಸರಿನ ಕಾಲಂ

ಸಾಲಿ ಸುರುವಾಗುವ ದಿನಗಳಲ್ಲಿ ನಮ್ಮ ಯಡ್ರಾಮಿ ಸೀಮೆಯ ಯಾವ ಹಳ್ಳಿಗಾದರೂ ಹೋಗಿ ನೋಡಿರಿ. ಮಾಸ್ತರರು ದಾಖಲಾತಿ ವಹಿ ತೆರೆದು ಕೂತಿರತಾರ. ಕೇರಿಯಿಂದ ಬಂದ ಕೂಸು ಎದುರಿಗೆ ನಿಂತಿರತದ.

“ನಿಮ್ಮಪ್ಪನ ಹೆಸರೇನಪಾ?”

ಕೂಸು ನೆಲ ನೋಡತದ. ಹಿಂದೆ ಯಾರೋ ಕಿಸಕ್ಕನೆ ನಗತಾರ. ಮಾಸ್ತರರು ಒಳ್ಳೆಯವರಾದರೆ ಸೋದರಮಾವನ ಹೆಸರು ಬರೆದು ಕೈತೊಳೆದುಕೊಳ್ಳತಾರ. ಇದನ್ನು ನಾವು ಕಂಡಿದ್ದೇವೆ. ನಮ್ಮಲ್ಲಿ ಕೆಲವರು ಹಾಗೆ ನೆಲ ನೋಡಿದ ಕೂಸುಗಳೇ.

ಆ ಕಾಲಂ ಯಾಕೆ ಖಾಲಿ? ಊರಿನ ಉತ್ತರ ಸಿದ್ಧವಿದೆ: “ಅವರವ್ವಗ ಮುತ್ತು ಕಟ್ಯಾರ. ಆಕಿ ಹತ್ರ ಹತ್ತು ಮಂದಿ ಬರತಾರ. ಅಪ್ಪ ಯಾರಂತ ಹೇಳೋದು?” ಈ ಮಾತನ್ನು ನಾವು ಸುಮ್ಮನೆ ನಂಬಿಕೊಂಡು ಬಂದಿದ್ದೇವೆ. ಹಲವರ ಸಂಗವಿದ್ದರೆ ಕೂಸಿಗೆ ಅಪ್ಪ ಇಲ್ಲದಂತಾಗುತ್ತಾನೆ ಎಂಬುದು ನಿಜವೇ? ಚರಿತ್ರೆಯನ್ನು ಕೇಳೋಣ.

ಹಲವು ಹೆಂಡಿರ ಸಂಸಾರ ನಮ್ಮ ನೆಲಕ್ಕೆ ಹೊಸದಲ್ಲ. ಇಲ್ಲಿಂದ ಬಹಳ ದೂರವಿಲ್ಲದ ಕಲ್ಯಾಣದಲ್ಲಿ 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನಿಗೆ ಚಂದಲದೇವಿ, ಲಕ್ಷ್ಮಾದೇವಿ, ಕೇತಲದೇವಿ ಮೊದಲಾಗಿ ಹಲವು ರಾಣಿಯರಿದ್ದರು. ಶಾಸನಗಳು ಅವರ ಹೆಸರನ್ನು ಮೆರೆಸುತ್ತವೆ. ಅವರಲ್ಲಿ ಕೆಲವರಿಗೆ ಆಳಲು ಸೀಮೆಗಳೂ ಇದ್ದವು. ಅವರು ಹೆತ್ತ ಮಕ್ಕಳನ್ನು ಅಪ್ಪನ ಹೆಸರಿಲ್ಲದವರು ಎಂದು ಯಾರೂ ಕರೆಯಲಿಲ್ಲ. ಗಂಡಸಿನ ಬಹುಪತ್ನಿತ್ವ ಪ್ರತಿಷ್ಠೆಯಾಗಿತ್ತು, ಕಲ್ಲಿನಲ್ಲಿ ಕೊರೆಸುವಷ್ಟು ಪ್ರತಿಷ್ಠೆ.

ಹೆಂಗಸಿಗೆ ಹಲವು ಗಂಡರಿದ್ದರೆ? 941ರ ಸುಮಾರಿಗೆ ಪಂಪ ಬರೆದ ಭಾರತವನ್ನು ನೋಡಿರಿ. ವ್ಯಾಸರ ದ್ರೌಪದಿಗೆ ಐವರು ಗಂಡಂದಿರು. ಪಂಪನ ದ್ರೌಪದಿಗೆ ಅರ್ಜುನ ಒಬ್ಬನೇ. ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನೆಂದು ಹಾಡಿದ ಕವಿ, ಆ ದೊರೆಯ ಹೆಂಡತಿಯನ್ನು ಐವರಿಗೆ ಹೇಗೆ ಹಂಚಿಯಾನು? ಕಥೆಯನ್ನೇ ತಿದ್ದಿದ. ಆದರೆ ಅದೇ ಕಾವ್ಯದಲ್ಲಿ ಅರ್ಜುನನಿಗೆ ದ್ರೌಪದಿಯೂ ಇದ್ದಾಳೆ, ಸುಭದ್ರೆಯೂ ಇದ್ದಾಳೆ. ಅದನ್ನು ತಿದ್ದಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಪಂಪ ದೊಡ್ಡ ಕವಿ, ಅದರಲ್ಲಿ ಅನುಮಾನವಿಲ್ಲ. ದೊಡ್ಡ ಕವಿಯ ಲೇಖನಿಯೂ ಅರಮನೆಯ ಮರ್ಯಾದೆಗೆ ಬಾಗಿತ್ತು ಎಂಬುದಷ್ಟೇ ನಮ್ಮ ಮಾತು.

ಈಗ ನಮ್ಮ ಊರುಗಳಿಗೆ ಬರೋಣ. ಇಲ್ಲಿ ಒಂದಲ್ಲ, ಮೂರು ಬಗೆ ನಡೆದು ಬಂದಿವೆ.

ಒಂದು, ವಾಡೆಯ ಬಗೆ. ಗಂಡುಮಗ ಹುಟ್ಟಲಿಲ್ಲ ಅಂತಲೋ, ಹೊಲಮನಿ ನೋಡಿಕೊಳ್ಳಲು ಕೈ ಸಾಲವು ಅಂತಲೋ, ಬರೀ ಮನಸ್ಸಾಯಿತು ಅಂತಲೋ ಗೌಡ ಇನ್ನೊಂದು ಲಗ್ನವಾಗತಾನ. ಹಿರೇಹೆಂಡತಿ, ಕಿರೇಹೆಂಡತಿ ಇಬ್ಬರೂ ‘ಗೌಡಸಾನಿ’ಯರೇ. ಮಕ್ಕಳೆಲ್ಲ ಗೌಡನ ಮಕ್ಕಳೇ.

ಎರಡು, ಉಡಿಕಿ. ಗಂಡ ಸತ್ತಾಕೆಗೆ, ಗಂಡ ಬಿಟ್ಟಾಕೆಗೆ ಸೀರೆ ಉಡಿಸಿ ಕರಕೊಂಡು ಹೋಗುವ ಪದ್ಧತಿ. ಹೋಮವಿಲ್ಲ, ಮಂತ್ರವಿಲ್ಲ, ಬಾಜಾಬಜಂತ್ರಿ ಇಲ್ಲ. ಮೇಲ್ಜಾತಿಯವರು ಇದನ್ನು ಕೀಳಂತ ಕಂಡರು. ಆದರೆ ಅವರ ಮನೆಗಳಲ್ಲಿ ವಿಧವೆಯ ತಲೆ ಬೋಳಿಸಿ ಮೂಲೆಗೆ ಕೂರಿಸುತ್ತಿದ್ದ ಕಾಲದಲ್ಲಿ ನಮ್ಮ ಕೇರಿಗಳು ಆಕೆಗೆ ಇನ್ನೊಂದು ಬದುಕು ಕೊಟ್ಟವು. ಇದನ್ನು ನಾವು ತಲೆಯೆತ್ತಿ ಹೇಳಬೇಕು.

ಮೂರು, ಬಸವಿ ಬಿಡುವುದು, ಮುತ್ತು ಕಟ್ಟುವುದು. ಗಂಡುಮಕ್ಕಳಿಲ್ಲದ ಮನೆಯವರು ಮಗಳನ್ನು ದೇವರಿಗೆ ಬಿಟ್ಟು ಮನೆಯಲ್ಲೇ ಉಳಿಸಿಕೊಂಡರೆ ಆಕೆ ಮಗನ ಸಮ. ಅವ್ವಅಪ್ಪನ ಆಸ್ತಿ ಆಕೆಗೆ, ಆಕೆಯ ಮಕ್ಕಳಿಗೆ. ರೂಢಿಯ ಒಂದು ಮುಖ ಇದು. ಆದರೆ ಆಸ್ತಿಯೇ ಇಲ್ಲದ ಹೊಲೆಯ ಮಾದಿಗರ ಮಗಳಿಗೆ ಯಾವ ಆಸ್ತಿ ಬಂದೀತು? ಆಕೆಗೆ ಬಂದದ್ದು ಕೊರಳಿನ ಮುತ್ತು, ಸರಿರಾತ್ರಿ ಬಾಗಿಲು ಬಡಿಯುವ ಕೈ. ಹಗಲು ಆಕೆಯ ನೆರಳಿಗೆ ಮೈಲಿಗೆ ಅಂದವರಿಗೆ ರಾತ್ರಿ ಆ ಮೈಲಿಗೆ ಕಾಣಲಿಲ್ಲ. 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ಸರ್ಕಾರದ ಲೆಕ್ಕಕ್ಕೆ ಸಿಕ್ಕ ದೇವದಾಸಿಯರು 46,660. ಅವರಲ್ಲಿ ಬಹುಪಾಲು ದಲಿತ ಹೆಣ್ಣುಮಕ್ಕಳು.

ಹಾಗಾದರೆ ಹಲವು ಗಂಡಸರಿದ್ದದ್ದರಿಂದಲೇ ಈ ಮಕ್ಕಳಿಗೆ ಹೆಸರಿಲ್ಲವಾಯಿತೇ? ನೀಲಗಿರಿಯ ತೊದವರನ್ನು ನೋಡಿರಿ. ಅಲ್ಲಿ ಹಿಂದೆ ಅಣ್ಣತಮ್ಮಂದಿರಿಗೆಲ್ಲ ಸೇರಿ ಒಬ್ಬಳೇ ಹೆಂಡತಿ ಇರುವುದು ರೂಢಿಯಾಗಿತ್ತು. ಆಕೆ ಬಸುರಿಯಾದಾಗ ಅವರಲ್ಲಿ ಒಬ್ಬ ಆಕೆಯ ಕೈಗೆ ಬಿಲ್ಲುಬಾಣ ಕೊಡುತ್ತಿದ್ದ. ಕೊಟ್ಟವನೇ ಅಪ್ಪ. ರಕ್ತ ಯಾರದೆಂದು ಯಾರೂ ಕೇಳುತ್ತಿರಲಿಲ್ಲ. ಹಿಮಾಚಲದ ಕಿನ್ನೌರದಲ್ಲೂ ಹೊಲ ಒಡೆಯಬಾರದೆಂದು ಅಣ್ಣತಮ್ಮಂದಿರು ಒಬ್ಬಳನ್ನೇ ಮದುವೆಯಾದರು. ಮಕ್ಕಳು ಆ ಮನೆಯ ಮಕ್ಕಳೇ ಆದರು. ತುಳುನಾಡಿನ ಅಳಿಯಸಂತಾನದಲ್ಲಿ ಕೂಸು ತಾಯಿಯ ಮನೆತನಕ್ಕೆ ಸೇರಿದ್ದು. ಅಲ್ಲಿ ಆಸ್ತಿ ನಡೆದದ್ದೇ ಹೆಣ್ಣಿನ ಕಡೆಯಿಂದ.

ಅಂದರೆ, ಗೆಳೆಯರೆ, ಪ್ರಶ್ನೆ ಎಷ್ಟು ಮಂದಿ ಅನ್ನುವುದಲ್ಲ. ಕೂಸಿಗೆ ಹೆಸರು ಕೊಡಬೇಕೆಂದು ಮನಸ್ಸು ಮಾಡಿದ ಸಮಾಜ ಒಂದು ಬಿಲ್ಲುಬಾಣದಿಂದಲೂ ಕೊಟ್ಟಿತು. ನಮ್ಮಲ್ಲಿ ಕೊಡಲಿಲ್ಲ, ಯಾಕಂದ್ರ ಹೆಸರು ಕೊಟ್ಟರೆ ಹೊಲ ಕೊಡಬೇಕು! ಕಾಲಂ ಖಾಲಿ ಬಿದ್ದಿರುವುದು ಅಪ್ಪ ಯಾರೆಂದು ಗೊತ್ತಿಲ್ಲದ್ದಕ್ಕಲ್ಲ. ಬಹಳ ಸಲ ಊರಿಗೆಲ್ಲ ಗೊತ್ತಿರತದ.

ಕಾನೂನು ಏನು ಮಾಡಿತು? 1946ರಲ್ಲಿ ಮುಂಬೈ ಪ್ರಾಂತ ಹಿಂದೂಗಳ ದ್ವಿಪತ್ನಿತ್ವವನ್ನು ನಿಷೇಧಿಸಿತು. ನಮ್ಮ ಪಡುವಣಕ್ಕಿರುವ ಸಿಂದಗಿಗೆ ಅದು ಬಂತು. ನಾವು ನಿಜಾಮನ ಸೀಮೆಯವರು, ನಮಗೆ ಬರಲಿಲ್ಲ. ದೇಶಕ್ಕೆಲ್ಲ ಒಂದೇ ನ್ಯಾಯ ತರಲು ಬಾಬಾಸಾಹೇಬರು ಹಿಂದೂ ಕೋಡ್ ಬಿಲ್ಲಿಗಾಗಿ ಹೆಣಗಿದರು. ಶೂದ್ರರಲ್ಲಿ ವಿಚ್ಛೇದನದ ರೂಢಿ ಮೊದಲಿನಿಂದಲೂ ಇದೆ, ಬಹುಜನರ ರೂಢಿಯೇ ಯಾಕೆ ಕಾನೂನಾಗಬಾರದು ಎಂದು ಸಂಸತ್ತಿನಲ್ಲಿ ವಾದಿಸಿದರು. ಸನಾತನಿಗಳು ಬಿಡಲಿಲ್ಲ. 1951ರ ಸೆಪ್ಟೆಂಬರಿನಲ್ಲಿ ಅವರು ಮಂತ್ರಿ ಪದವಿಯನ್ನೇ ಬಿಟ್ಟು ಬಂದರು. 1955ರಲ್ಲಿ ಹಿಂದೂ ವಿವಾಹ ಕಾಯ್ದೆ ಬಂದು ಎರಡನೆಯ ಮದುವೆ ಅಪರಾಧವಾಯಿತು.

ಆದರೆ ಗಂಡಸು ಸಂದಿ ಹುಡುಕಿದ. 1965ರಲ್ಲಿ ಸುಪ್ರೀಂ ಕೋರ್ಟು, ಎರಡನೆಯ ಮದುವೆ ಸರಿಯಾದ ವಿಧಿಗಳಿಂದ ನಡೆದದ್ದು ಸಾಬೀತಾದರೆ ಮಾತ್ರ ಶಿಕ್ಷೆ ಅಂದಿತು. ಹೋಮವಿಲ್ಲ, ಸಪ್ತಪದಿಯಿಲ್ಲ, ಅವುಗಳನ್ನು ಬಿಡುವ ರೂಢಿ ಆ ಜಾತಿಯಲ್ಲಿತ್ತೆಂದು ತೋರಿಸಲಾಗದಿದ್ದರೆ ಗಂಡಸು ಪಾರು. 1988ರಲ್ಲಿ ಅದೇ ಕೋರ್ಟು ಎರಡನೆಯಾಕೆ ಕಾನೂನಿನ ಕಣ್ಣಿಗೆ ಹೆಂಡತಿಯೇ ಅಲ್ಲ, ಆಕೆಗೆ ಜೀವನಾಂಶವಿಲ್ಲ ಅಂದಿತು. ಕಟ್ಟಿಕೊಂಡವನಿಗೆ ಜೈಲಿಲ್ಲ, ಕಟ್ಟಿಸಿಕೊಂಡಾಕೆಗೆ ಅನ್ನವಿಲ್ಲ! ಮೊದಲ ಮದುವೆ ಮುಚ್ಚಿಟ್ಟು ಮೋಸ ಮಾಡಿದ್ದರೆ ಆಕೆಗೆ ಜೀವನಾಂಶ ಕೊಡಬೇಕೆಂಬ ತೀರ್ಪಿಗೆ 2013ರವರೆಗೆ ಕಾಯಬೇಕಾಯಿತು. ಅಸಿಂಧು ಮದುವೆಯ ಮಕ್ಕಳಿಗೆ ಪಿತ್ರಾರ್ಜಿತದಲ್ಲಿ ತಂದೆಯ ಪಾಲಿನೊಳಗೆ ಹಕ್ಕಿದೆ ಎಂಬ ತೀರ್ಪು 2023ರ ಸೆಪ್ಟೆಂಬರಿನಲ್ಲಿ ಬಂತು. ಅದು ಕರ್ನಾಟಕದಿಂದಲೇ ಹೋದ ವ್ಯಾಜ್ಯ.

ಮುತ್ತು ಕಟ್ಟಿದಾಕೆಯ ಮಕ್ಕಳಿಗೆ ಇದೂ ದಕ್ಕಲಿಲ್ಲ. ಅಲ್ಲಿ ಅಸಿಂಧು ಮದುವೆಯೂ ಇಲ್ಲವಲ್ಲ! 1982ರ ಕಾಯ್ದೆ ಮುತ್ತು ಕಟ್ಟುವುದನ್ನು ನಿಷೇಧಿಸಿತು, ಆಕೆ ಮದುವೆಯಾದರೆ ಸಿಂಧು ಅಂದಿತು. ಆದರೆ ಮದುವೆಯಿಲ್ಲದೆ ಹುಟ್ಟಿದ ಮಕ್ಕಳ ಅಪ್ಪನನ್ನು ಕೇಳಲಿಲ್ಲ. ಆ ಪ್ರಶ್ನೆಯನ್ನು ಶಾಸನಸಭೆ ಎತ್ತಿದ್ದು 2025ರಲ್ಲಿ, ಅದೂ ದೇವದಾಸಿ ತಾಯಂದಿರು, ಅವರ ಮಕ್ಕಳು ವರ್ಷಗಟ್ಟಲೆ ಬೀದಿಯಲ್ಲಿ ಕೂತ ಮೇಲೆ.

ಬಹುಪತ್ನಿತ್ವ ಅಂದ ಕೂಡಲೇ ಮುಸ್ಲಿಮರ ಕಡೆಗೆ ಬೊಟ್ಟು ಮಾಡುವವರು ನಮ್ಮಲ್ಲಿ ಬಹಳ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಮ್ಮ ಗಂಡನಿಗೆ ಬೇರೆ ಹೆಂಡತಿ ಇದ್ದಾಳೆ ಅಂದವರು ಮುಸ್ಲಿಂ ಹೆಂಗಸರಲ್ಲಿ ನೂರಕ್ಕೆ 1.9, ಹಿಂದೂ ಹೆಂಗಸರಲ್ಲಿ 1.3. ಒಬ್ಬರಿಗೆ ಕಾನೂನು ಬಿಟ್ಟಿದೆ, ಇನ್ನೊಬ್ಬರಿಗೆ ನಿಷೇಧಿಸಿದೆ. ಅಂತರ ಮಾತ್ರ ಇಷ್ಟೇ. ಮುತ್ತು ಕಟ್ಟಿದಾಕೆಯ ಮನೆಗೆ ಹೋಗುವವನು ಈ ಯಾವ ಲೆಕ್ಕದಲ್ಲೂ ಬರುವುದಿಲ್ಲ.

ನಾವು ಹಲವು ಹೆಂಡಿರ ಪರವಲ್ಲ, ದೇವರ ಹೆಸರಿನ ಹಾದರದ ಪರವಂತೂ ಅಲ್ಲವೇ ಅಲ್ಲ. ಪಾಪದ ಹೊರೆಯನ್ನು ಅವ್ವನ ತಲೆಗೆ, ಅವಮಾನವನ್ನು ಕೂಸಿನ ತಲೆಗೆ ಹೊರಿಸಿ ಹೊಲವನ್ನು ಮಾತ್ರ ತಾನಿಟ್ಟುಕೊಂಡ ವ್ಯವಸ್ಥೆಯ ವಿರುದ್ಧ ನಮ್ಮ ತಕರಾರು.

ಮಾಸ್ತರರೇ, ಅಕ್ಕೋರೇ, ಮುಂದಿನ ಸಲ ಆ ಕೂಸು ಎದುರಿಗೆ ನಿಂತಾಗ ಮೊದಲು ಅವ್ವನ ಹೆಸರು ಕೇಳಿರಿ. ಎಲ್ಲ ಮಕ್ಕಳಿಗೂ ಮೊದಲು ಅವ್ವನ ಹೆಸರನ್ನೇ ಕೇಳಿರಿ, ಗೌಡರ ಮಗನಿಗೂ. ಕೂಸು ದನಿ ತೆಗೆದು ಹೇಳತದ, ಅದಕ್ಕೆ ಆ ಹೆಸರು ಚೆನ್ನಾಗಿ ಗೊತ್ತದ. ಹಿಂದೆ ನಗುವವರ ಬಾಯಿ ಅವತ್ತೇ ಮುಚ್ಚತದ. ಅಪ್ಪನ ಹೆಸರನ್ನು, ಅಪ್ಪನ ಹೊಲವನ್ನು ಕೇಳುವ ಕೆಲಸ ಕೂಸಿನದಲ್ಲ, ನಮ್ಮದು. ಅದನ್ನು ತಹಸೀಲಿ ಕಚೇರಿಯ ಮುಂದೆ ನಿಂತು ನಾವೇ ಕೇಳೋಣ.