ಕೃಷಿ ಹೊಂಡದ ಘನಫಲ: ಲೆಕ್ಕ ಮಾಡುವ ವಿಧಾನ

ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲ ಹೋಬಳಿಯಲ್ಲಿ ವರ್ಷವಿಡೀ ಹರಿಯುವ ನದಿ ಇರುವುದಿಲ್ಲ. ಇಂತಹ ಮಳೆಯಾಶ್ರಿತ ಪ್ರದೇಶಗಳಿಗಾಗಿ 2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯು ಕೃಷಿ ಹೊಂಡಕ್ಕೆ ಪ್ರಾಧಾನ್ಯ ನೀಡಿತು.

ದಡ ಕುಸಿಯದಂತೆ ಹೊಂಡದ ಬದಿಗಳನ್ನು ಇಳಿಜಾರಾಗಿ ಅಗೆಯುವುದರಿಂದ, ಉದ್ದ, ಅಗಲ, ಆಳಗಳನ್ನು ಗುಣಿಸಿದ ಮಾತ್ರಕ್ಕೆ ಸರಿಯಾದ ಘನಫಲ ದೊರೆಯುವುದಿಲ್ಲ.

ಸೂತ್ರ: ಘನಫಲ = (ಆಳ ÷ 3) × (ಮೇಲ್ಭಾಗದ ವಿಸ್ತೀರ್ಣ + ತಳದ ವಿಸ್ತೀರ್ಣ + ಇವೆರಡರ ಗುಣಲಬ್ಧದ ವರ್ಗಮೂಲ)

ಉದಾಹರಣೆ:
1. ಮೇಲ್ಭಾಗ 12 × 12 ಮೀ., ಆಳ 3 ಮೀ., ಇಳಿಜಾರು 1:1. ಪ್ರತಿ ಬದಿಯೂ 3 ಮೀ. ಒಳಸರಿಯುವುದರಿಂದ ತಳ 6 × 6 ಮೀ.
2. ವಿಸ್ತೀರ್ಣ 144 ಮತ್ತು 36 ಚ.ಮೀ.; ಗುಣಲಬ್ಧದ ವರ್ಗಮೂಲ 72.
3. ಘನಫಲ = 1 × (144 + 36 + 72) = 252 ಘ.ಮೀ., ಅಂದರೆ 2,52,000 ಲೀಟರ್.

ಇಳಿಜಾರನ್ನು ಪರಿಗಣಿಸದಿದ್ದಲ್ಲಿ 432 ಘ.ಮೀ. ಬರುತ್ತದೆ. ಅದನ್ನು ನಂಬಿದವರು ಒಂದು ಎಕರೆಗೆ 5 ಸೆಂ.ಮೀ. ನೀರನ್ನು ಎರಡು ಬಾರಿ ಹಾಯಿಸಬಹುದೆಂದು ಎಣಿಸುವರು. ವಾಸ್ತವದಲ್ಲಿ ತುಂಬಿದ ಹೊಂಡವು ಒಂದು ಬಾರಿಗೆ ಮಾತ್ರ ಸಾಕಾಗುತ್ತದೆ. ಅಗೆತದ ದರವು ಘನ ಮೀಟರ್ ಲೆಕ್ಕದಲ್ಲಿದ್ದರೆ, ತೆಗೆಯದ 180 ಘ.ಮೀ. ಮಣ್ಣಿಗೂ ಹಣ ತೆರಬೇಕಾಗುತ್ತದೆ.

ಪ್ರೌಢಶಾಲಾ ವಿದ್ಯಾರ್ಥಿಗಳೂ ಮಾಡಬಲ್ಲ ಲೆಕ್ಕವಿದು. ಅರ್ಜಿದಾರರು ಮೇಲ್ಭಾಗ, ತಳ ಹಾಗೂ ಆಳದ ಅಳತೆಗಳನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಂಡು, ಹೆಚ್ಚಿನ ಮಾಹಿತಿಗಾಗಿ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸುವುದು.