ಹಗೇವು, ಗಣಿ, ಟ್ರಂಕು

1/7
ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಕೋರಮಂಡಲ್, ಉರಿಗಾಂ, ಚಾಂಪಿಯನ್ ದಾಟಿ ಕೊನೆಗೆ ಮಾರಿಕುಪ್ಪಂ. ಗಣಿಗೋಸ್ಕರ 1894ರಲ್ಲಿ ಹಾಕಿದ ಹಳಿ ಇದು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಆಮೇಲೆ ಇದು ಬೆಂಗಳೂರಿಗೆ ದುಡಿಯೋಕೆ ಹೋಗೋರ ರೈಲಾಯ್ತು.

ಎಷ್ಟೋ ಮನೆಯವರು ಬೆಂಗಳೂರಲ್ಲೇ ಒಂದು ಕೋಣೆ, ಒಂದು ಅಡುಗೆಮನೆ ಬಾಡಿಗೆಗೆ ಹಿಡಿದರು. ತಾತನ ಫೋಟೋ, ಅಪ್ಪನ ಸರ್ವಿಸ್ ಕಾಗದ, ಅಮ್ಮನ ಮದುವೆ ಸೀರೆ, ಭಜನೆಯ ಹಾರ್ಮೋನಿಯಂ ಎಲ್ಲಿಡೋದು? ಈಗ ತಿಂಗಳ ಬಾಡಿಗೆಗೆ ಸಾಮಾನು ಇಡುವ ಕೋಣೆ ಸಿಗುತ್ತೆ. ಎಸಿ ಇರೋದಕ್ಕೆ ಒಂದು ರೇಟು, ಇಲ್ಲದ್ದಕ್ಕೆ ಒಂದು ರೇಟು. ಎಸಿಗೆ ಜಾಸ್ತಿ ದುಡ್ಡು ಕೊಡಬೇಕಾ?

ಅದಕ್ಕೆ ಉತ್ತರ ಕೋಲಾರದ ನೆಲದೊಳಗೇ ಇದೆ. ಒಂದು ಕೆಲವೇ ಅಡಿ ಆಳದಲ್ಲಿ, ಇನ್ನೊಂದು ಮೂರು ಕಿಲೋಮೀಟರ್ ಆಳದಲ್ಲಿ. ಮೊದಲು ಮೇಲಿನದು ನೋಡೋಣ.

2/7
ಹಗೇವು ನೋಡಿದ್ದೀರಾ? ಹಳೇ ಮೈಸೂರು ಸೀಮೆಯ ರಾಗಿ ಬ್ಯಾಂಕು ಅದು. ಗಟ್ಟಿ ಗೊರಸು ನೆಲ, ಮಳೆನೀರು ನಿಲ್ಲದ ಎತ್ತರದ ಜಾಗ ನೋಡಿ ಗುಂಡಿ ತೋಡೋರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಹೂಜಿಯ ಹಾಗೆ ಅಗಲ. ಸುತ್ತ ಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿ ಸುರಿದು, ಬಾಯಿಗೆ ಚಪ್ಪಡಿ ಇಟ್ಟು ಮಣ್ಣಲ್ಲಿ ಮೆತ್ತಿಬಿಡೋರು. ವರ್ಷಗಟ್ಟಲೆ ರಾಗಿ ಕೆಡುತ್ತಿರಲಿಲ್ಲ.

ಇದರ ಗುಟ್ಟು ಮೂರು. ಒಂದು, ನೆಲದೊಳಗೆ ಹಗಲು ರಾತ್ರಿಯ ಏರಿಳಿತ ಮುಟ್ಟಲ್ಲ, ಬಿಸಿ ಸ್ಥಿರವಾಗಿರುತ್ತೆ. ಎರಡು, ಹೊರಗಿನ ತೇವದ ಗಾಳಿಗೆ ದಾರಿಯಿಲ್ಲ. ಮೂರು, ಕಾಳೂ ಹುಳುವೂ ಉಸಿರಾಡಿ ಒಳಗಿನ ಆಮ್ಲಜನಕ ಕಮ್ಮಿಯಾಗುತ್ತೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತೆ, ಹುಳು ತಾನಾಗೇ ಸಾಯುತ್ತೆ. ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತೆ. ಅದಕ್ಕೇ ಹಗೇವು ತೆಗೆದ ಕೂಡಲೇ ಯಾರೂ ಇಳಿಯಬಾರದು. ಬಹಳ ಹೊತ್ತು ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯೋರು. ಹಾಗೆ ಕಾಯದೆ ಇಳಿದು ಸತ್ತವರುಂಟು.

ಒಂದು ಮಾತು ಇಲ್ಲೇ ನೆನಪಿಡಿ: ರಾಗಿ ಮೊದಲೇ ಹಸಿಯಿದ್ದರೆ ಹಗೇವು ಉಳಿಸಲ್ಲ. ಮುಚ್ಚಿದ ಜಾಗದಲ್ಲಿ ಅದು ಬೇಗ ಮುಗ್ಗುತ್ತೆ.

3/7
ಆದರೆ ಹಗೇವು ಯಾರ ಹತ್ತಿರ ಇತ್ತು? ಹೊಲ ಇದ್ದವರ ಹತ್ತಿರ.

1876ರಿಂದ 78ರವರೆಗೆ ಧಾತು, ಈಶ್ವರ ಸಂವತ್ಸರಗಳ ಬರ ಬಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕಿಂತ ಕೆಳಗಿಳಿಯಿತು. ಕೋಲಾರ ಸೀಮೆಗೂ ಪಕ್ಕದ ಉತ್ತರ ಆರ್ಕಾಟಿಗೂ ಪೆಟ್ಟು ಜೋರಾಗಿಯೇ ಬಿತ್ತು.

ಅದೇ ಕಾಲಕ್ಕೆ ಇಲ್ಲಿ ಚಿನ್ನದ ಕೆಲಸ ಶುರುವಾಗ್ತಿತ್ತು. 1802ರಲ್ಲೇ ಲೆಫ್ಟಿನೆಂಟ್ ಜಾನ್ ವಾರನ್ ಈ ಊರುಗಳ ಮಣ್ಣಲ್ಲಿ ಚಿನ್ನ ಇರೋದನ್ನು ಬರೆದಿಟ್ಟಿದ್ದ. 1875ರಲ್ಲಿ ಮೈಕೆಲ್ ಲಾವೆಲ್‌ಗೆ ಪರವಾನಗಿ ಸಿಕ್ಕಿತು, 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಗಣಿಗೆ ಇಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟ್ ಕಡೆಯಿಂದ ಬಂದ ತಮಿಳು ಮಾತಾಡುವ ದಲಿತರು. ಹೊಲವಿಲ್ಲ, ಹಗೇವಿಲ್ಲ. ಕೂಡಿಡೋಕೆ ಏನೂ ಇಲ್ಲದವರು ಇನ್ನೊಬ್ಬರ ಸಂಪತ್ತು ತೆಗೆಯೋಕೆ ನೆಲದೊಳಗೆ ಇಳಿದರು.

4/7
ಹಗೇವಿನ ಆಳದಲ್ಲಿ ತಂಪಾಗಿದ್ದ ನೆಲ ಇನ್ನೂ ಕೆಳಗೆ ಹೋದರೆ ಕುಲುಮೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್ ದಾಟಿ ಇಳಿಯಿತು. ಆ ಆಳದ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ಮೀರಿದ್ದು. ಮೇಲಿಂದ ಗಾಳಿ ತಳ್ಳಿದರೂ ಸಾಲದು. ಇಳಿಯುವ ಗಾಳಿ ತನ್ನ ಭಾರಕ್ಕೇ ಒತ್ತಿಕೊಂಡು, ಪ್ರತಿ ಕಿಲೋಮೀಟರಿಗೆ ಹತ್ತಿರ ಹತ್ತಿರ 10 ಡಿಗ್ರಿ ಕಾಯುತ್ತೆ.

ಜೊತೆಗೆ ನೀರು. ಕಲ್ಲಿನ ದೂಳು ಎದೆಗೆ ಹೋದರೆ ಸಿಲಿಕೋಸಿಸ್. ದೂಳು ಅಡಗಿಸೋಕೆ ನೀರು ಹಾಯಿಸಬೇಕು, ನೀರು ಹಾಯಿಸಿದರೆ ಗಾಳಿ ತೇವ. ತೇವದ ಗಾಳಿಯಲ್ಲಿ ಬೆವರು ಆರಲ್ಲ, ಬೆವರು ಆರದಿದ್ದರೆ ಮೈ ತಣಿಯಲ್ಲ. ಅದಕ್ಕೇ ಬಿಸಿಯ ಗಣಿಗಳಲ್ಲಿ ಎರಡು ಥರ್ಮಾಮೀಟರ್ ನೋಡ್ತಾರೆ: ಒಂದು ಸಾದಾ, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ್ದು. ಮನುಷ್ಯ ಎಷ್ಟು ತಡೀತಾನೆ ಅನ್ನೋದನ್ನು ಹೇಳೋದು ಆ ಒದ್ದೆ ಬಟ್ಟೆಯದು.

5/7
1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಕರೆಂಟು ತಂದಿದ್ದು ಈ ಗಣಿಗಳಿಗೆ. ಬೆಂಗಳೂರಿನ ಬೀದಿಗಿಂತ ಮೊದಲು ಇಲ್ಲಿಗೆ ಬಂತು. ಆ ಕರೆಂಟಿನ ಬಲದಲ್ಲಿ 1930ರ ದಶಕದಲ್ಲಿ ಗಣಿಗೆ ಇಳಿಯುವ ಗಾಳಿಯನ್ನೇ ತಂಪು ಮಾಡುವ ಸ್ಥಾವರಗಳು ಬಂದವು. ಪ್ರಪಂಚದಲ್ಲೇ ಇಂಥವು ಆಗ ಬೆರಳೆಣಿಕೆಯಷ್ಟು.

ತಣ್ಣಗಾದ ಗಾಳಿ ನೀರನ್ನು ಹಿಡಿದಿಟ್ಟುಕೊಳ್ಳಲಾರದು, ಇಳಿಸಿಬಿಡುತ್ತೆ. ಹಾಗೆ ನೀರಿಳಿಸಿ ಹಗುರಾದ ಗಾಳಿ ಕೆಳಗೆ ಹೋಗಿ ಮತ್ತೆ ಕಾಯ್ದರೂ ಬೆವರು ಹೀರುವ ಶಕ್ತಿ ಅದಕ್ಕೆ ಉಳಿದಿರುತ್ತೆ. ಅಂದರೆ ತಂಪು ಅರ್ಧ ಕೆಲಸ, ನೀರು ತೆಗೆಯೋದು ಇನ್ನರ್ಧ.

ಇಷ್ಟೆಲ್ಲ ಖರ್ಚು ಯಾಕೆ ಅಂದ್ರೆ ಆ ಆಳದಲ್ಲೂ ಚಿನ್ನ ಇತ್ತು, ಅದನ್ನು ತೆಗೆಯೋಕೆ ಮನುಷ್ಯ ನಿಂತಿರಬೇಕಿತ್ತು. ಪಾಳಿ ಮುಗಿಸಿ ಮೇಲೆ ಬಂದವನಿಗೆ ಸಿಗ್ತಿದ್ದದ್ದು ಲೈನಿನ ಮನೆ. ಮೊದಮೊದಲು ಬಿದಿರು ತಟ್ಟಿಯ ಗೋಡೆ, ಆಮೇಲೆ ಬೇಸಿಗೆಯಲ್ಲಿ ಕಾಯುವ, ಮಳೆಗಾಲದಲ್ಲಿ ಬೆವರುವ ತಗಡಿನ ಸೂರು.

6/7
ಆ ಸೂರಿನ ಕೆಳಗೆ ಒಂದು ಟ್ರಂಕು. ಅದರೊಳಗಿನ ಕಾಗದ ಸಣ್ಣದಲ್ಲ. 1930ರಲ್ಲಿ ಕಂಪನಿ ಬೆರಳಚ್ಚು ಕೇಳಿದಾಗ ಇಲ್ಲಿನ ಕಾರ್ಮಿಕರು ಮುಷ್ಕರ ಹೂಡಿದವರು. ನಮ್ಮ ಗುರುತು ಯಾರ ಕೈಯಲ್ಲಿರಬೇಕು ಅನ್ನೋ ಪ್ರಶ್ನೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಂಪನಿಯ ದಾಖಲೆ ಕಂಪನಿಯ ಕಥೆ ಹೇಳುತ್ತೆ. ಕಾರ್ಮಿಕನ ಕಥೆ ಉಳಿದಿರೋದು ಅವನ ಟ್ರಂಕಿನಲ್ಲಿ: ನೇಮಕದ ಕಾಗದ, ಯೂನಿಯನ್ ರಸೀದಿ, ಪಾಳಿ ಗೆಳೆಯರ ಜೊತೆ ತೆಗೆಸಿದ ಒಂದೇ ಒಂದು ಫೋಟೋ.

ಕೋಲಾರ ಕರಾವಳಿಯಲ್ಲ ನಿಜ. ಆದರೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಮುಚ್ಚಿಟ್ಟ ಮನೆ ಹೇಗೆ ವಾಸನೆ ಬರುತ್ತೆ, ನಿಮಗೇ ಗೊತ್ತು. ತೇವ ಶೇ. 65 ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯೋಕೆ ಶುರು. ಹಳೇ ಫೋಟೋದ ಮೇಲ್ಪದರ ಜಿಲೆಟಿನ್, ಅದು ತೇವ ಕುಡಿದು ಆಲ್ಬಮಿನ ಹಾಳೆಗೆ ಅಂಟಿಕೊಂಡರೆ ಬಿಡಿಸೋ ಹೊತ್ತಿಗೆ ಮುಖವೇ ಹೋಗಿರುತ್ತೆ.

7/7
ಈಗ ಬಾಡಿಗೆ ಕೋಣೆಯ ಮಾತು. “ಎಸಿ ಇದೆಯಾ?” ಅಂತ ಕೇಳಿ ಸುಮ್ಮನಾಗಬೇಡಿ.

▪️ ತೇವ ಎಷ್ಟಿರುತ್ತೆ ಅಂತ ಕೇಳಿ. ಕಾಗದ, ಫೋಟೋ, ಮರದ ವಾದ್ಯಕ್ಕೆ ಶೇ. 45ರಿಂದ 55 ಒಳ್ಳೇದು. ಅಳತೆ ಬರೆದಿಡ್ತಾರಾ? ಇಲ್ಲದಿದ್ದರೆ ಚಿಕ್ಕ ತೇವಮಾಪಕ ಒಂದು ವಾರ ಒಳಗಿಟ್ಟು ನೀವೇ ನೋಡಿ.
▪️ ರಾತ್ರಿ ಎಸಿ ಆರಿಸ್ತಾರಾ, ಕರೆಂಟು ಹೋದರೆ ಏನು ಗತಿ, ಕೇಳಿ. 30 ಡಿಗ್ರಿಯಲ್ಲಿ ಶೇ. 60 ತೇವ ಇರುವ ಗಾಳಿ 21 ಡಿಗ್ರಿಯ ವಸ್ತುವಿಗೆ ತಾಗಿದರೆ ಅದರ ಮೇಲೆ ನೀರು ಕೂರುತ್ತೆ. ಗಂಟೆಗೊಂದು ಥರ ಆಗುವ ತಂಪಿಗಿಂತ ಒಂದೇ ಸಮನಾದ ಸೆಕೆ ವಾಸಿ.
▪️ ಜಾಗವನ್ನು ಮಳೆಗಾಲದಲ್ಲೇ ಹೋಗಿ ನೋಡಿ. ನೆಲಮಾಳಿಗೆ ಬೇಡ.
▪️ ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್ ಕುರ್ಚಿಗೆ ಎಸಿ ದುಡ್ಡು ದಂಡ. ಅದು ಬೇಕಿರೋದು ಒಂದು ಟ್ರಂಕಿನಷ್ಟು ಸಾಮಾನಿಗೆ ಮಾತ್ರ.
▪️ ಒಣಗಿಸದೆ ಕಟ್ಟಬೇಡಿ. ಹಸಿ ಸೀರೆಗೆ ಪ್ಲಾಸ್ಟಿಕ್ ಸುತ್ತೋದೂ ಒಂದೇ, ಹಸಿ ರಾಗಿ ಹಗೇವಿಗೆ ಹಾಕೋದೂ ಒಂದೇ.

ಬಾಡಿಗೆ ಕೈಗೆಟುಕಲ್ವಾ? ಮನೆಯ ಒಳಕೋಣೆ ಸಾಕು. ಹೊರಗೋಡೆಗೆ ತಾಗದಂತೆ, ನೆಲದಿಂದ ಒಂದಡಿ ಎತ್ತರದಲ್ಲಿ ಟ್ರಂಕು ಇಡಿ. ಒಳಗೆ ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿ. ವರ್ಷಕ್ಕೊಮ್ಮೆ ಒಣಹವೆಯ ದಿನ ತೆಗೆದು ನೆರಳಲ್ಲಿ ಹರಡಿ, ಫೋಟೋಗೆ ಬಿಸಿಲು ಬೇಡ. ಎಲ್ಲಕ್ಕಿಂತ ಮೊದಲು ಪ್ರತಿ ಕಾಗದದ, ಪ್ರತಿ ಫೋಟೋದ ಒಂದು ಪ್ರತಿ ಮೊಬೈಲಲ್ಲಿ ತೆಗೆದು, ಅದರಲ್ಲಿರೋರ ಹೆಸರು ಬರೆದಿಡಿ. ಹೆಸರು ಹೇಳಬಲ್ಲ ಹಿರಿಯರು ಇರುವಾಗಲೇ.

ರಾಗಿಗೊಂದು ವ್ಯವಸ್ಥೆ ರೈತ ಮಾಡಿದ. ಚಿನ್ನಕ್ಕೊಂದು ವ್ಯವಸ್ಥೆ ಕಂಪನಿ ಮಾಡಿತು. ಚಿನ್ನ ತೆಗೆದವರ ನೆನಪಿಗೆ ಯಾರೂ ಮಾಡಲಿಲ್ಲ, ಅದು ನಮ್ಮ ಪಾಲಿನ ಕೆಲಸ.

ನಿಮ್ಮ ಮನೆ ಟ್ರಂಕಲ್ಲಿ ಗಣಿ ಕಾಲದ್ದು ಏನಿದೆ? ಈ ಭಾನುವಾರ ತೆಗೆದು ನೋಡಿ, ಕೆಳಗೆ ಬರೆಯಿರಿ.

#ಮಾರಿಕುಪ್ಪಂ #ಕೆಜಿಎಫ್ #ಬಂಗಾರಪೇಟೆ #ಹಗೇವು #ಊರಿನಚರಿತ್ರೆ